ಹಾಶಿಮ್ ಭಾಯಿಯ ಬೆಳ್ಳಿ ಟ್ರೈಲರ್

ಹಾಶಿಮ್ ಭಾಯಿಯ ಪರಿಚಯ ನನಗೆ ಆದದ್ದು ಹಿಂದಿನಿಂದ. ಅಂದರೆ, ಅವರ ಟ್ರೈಲರಿನ ಹಿಂದಿನಿಂದ.

ಒಂದು ಶನಿವಾರ ಮಧ್ಯಾಹ್ನ ರಸೆಲ್ ಮಾರ್ಕೆಟ್ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಕಾಲುಗಳ ನಡುವೆ ಒಂದು ಟ್ರೇ ಮೊಟ್ಟೆ. ಮುಂದೆ ಒಂದು ಹಳೇ ಜೀಪು, ಅದರ ಬೆನ್ನಿಗೆ ಜನರೇಟರ್ ಹೊತ್ತ ಟ್ರೈಲರ್. ಟ್ರೈಲರಿಗೆ ಅದೆಂಥ ಬೆಳ್ಳಿ ಬಣ್ಣ ಅಂತೀರಿ, ನನ್ನ ಹೆಲ್ಮೆಟ್ಟೂ ಅದರೊಳಗಿನ ಮುಖವೂ ಅದರಲ್ಲಿ ಕಾಣುತ್ತಿದ್ದವು. ಐವತ್ತು ದಾಟಿದ ಮೇಲೂ ಕನ್ನಡಿ ಕಂಡರೆ ಒಂದು ಸಲ ನೋಡಿಕೊಳ್ಳುವ ಚಟ ಹೋಗಿಲ್ಲ ನನಗೆ. ನೋಡಿಕೊಂಡೆ. ಅಷ್ಟರಲ್ಲಿ ಜೀಪು ನಿಂತಿತು. ಟ್ರೈಲರಿನ ಬ್ರೇಕ್ ಲೈಟು ಹತ್ತಲಿಲ್ಲ. ನಾನು ನಿಲ್ಲಲಿಲ್ಲ.

ದೊಡ್ಡ ಪೆಟ್ಟೇನೂ ಆಗಲಿಲ್ಲ, ನನಗೆ. ಮೊಟ್ಟೆಗಳ ಪರಿಸ್ಥಿತಿ ಬೇರೆ. ಎದೆಯಿಂದ ಮೊಣಕಾಲಿನವರೆಗೆ ಹಳದಿ ಹರಿಯುತ್ತಾ ನಾನು ಎದ್ದು ನಿಂತಾಗ ಸುತ್ತ ಜನ ಸೇರಿದ್ದರು. ಯಾರೋ, "ಸಾಬ್, ಈರುಳ್ಳಿ ಹಸಿಮೆಣಸಿನಕಾಯಿ ತರ್ಲಾ?" ಅಂದರು.

ನನಗೆ ನಾಚಿಕೆಯಾದದ್ದು ಬಿದ್ದದ್ದಕ್ಕಲ್ಲ, ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವನು ಬೀಳುವುದಕ್ಕೆ ನಾಚಬಾರದು. ನಾಚಿಕೆಯಾದದ್ದು ಮೊಟ್ಟೆಗೆ. ನಮ್ಮದು ರಾಣೆಬೆನ್ನೂರು ಕಡೆಯ ಶುದ್ಧ ಸಸ್ಯಾಹಾರಿ ಮನೆ. ಅತ್ತೆ ಶರಣವ್ವನವರು ಬಂದು ಒಂದು ತಿಂಗಳಾಗಿತ್ತು. ನಾನು ಇನ್ಫೆಂಟ್ರಿ ರಸ್ತೆಯ ಆಫೀಸಿನ ಅಡುಗೆಮೂಲೆಯಲ್ಲಿ ಗುಟ್ಟಾಗಿ ಆಮ್ಲೆಟ್ ಮಾಡಿಕೊಂಡು ಬದುಕುತ್ತಿದ್ದೆ. ಇಪ್ಪತ್ತು ವರ್ಷದಿಂದ ಪತ್ರಿಕೆಗೆ ಹಾಸ್ಯ ಬರೆಯುವ ಮನುಷ್ಯನ ಏಕೈಕ ಗುಟ್ಟು ಈಗ ಅಂಗಿಯ ಮೇಲಿತ್ತು.

ಜೀಪಿನಿಂದ ಇಳಿದವರು ಅರವತ್ತರ ಹತ್ತಿರದ, ತೆಳ್ಳನೆಯ, ಗಡ್ಡಕ್ಕೆ ಮೆಹಂದಿ ಹಚ್ಚಿದ ಮನುಷ್ಯ. ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಟ್ರೈಲರಿನ ಹಿಂದಿನ ಲೈಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬ್ರೇಕ್ ಹಾಕಿದಾಗ ಇದು ಹತ್ತಲಿಲ್ವಾ?"

"ಹತ್ತಿದ್ರೆ ನಾನು ಯಾಕ್ರೀ ಹೀಗಿರ್ತಿದ್ದೆ?"

ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಆಮೇಲೆ ತಿಳಿಯಿತು, ಆ ಮುಖದಲ್ಲಿ ಯಾವ ಗೆರೆಯೂ ಯಾವತ್ತೂ ಅಲ್ಲಾಡುವುದಿಲ್ಲ. ಮೆಲ್ಲಗೆ ಹೇಳಿದರು: "ನಮ್ಮ ಮನೆಯವಳಿಗೆ ಹೇಳ್ಬೇಡಿ ಸಾರ್."

"ಇಡೀ ಶಿವಾಜಿನಗರ ನೋಡ್ತಾ ಇದೆ."

"ಅವರಿಗೆ ಮೊಟ್ಟೆ ಕಾಣ್ತು. ಲೈಟ್ ಕಾಣಲಿಲ್ಲ. ಬನ್ನಿ, ಇಲ್ಲೇ ನಮ್ಮ ಮನೆ, ಅಂಗಿ ತೊಳ್ಕೊಳ್ಳಿ."

ನಮ್ಮ ಸ್ನೇಹ ಶುರುವಾದದ್ದು ಹೀಗೆ, ಇಬ್ಬರೂ ಮನೆಯವರಿಂದ ಒಂದೊಂದು ವಿಷಯ ಮುಚ್ಚಿಡಬೇಕಾಗಿ ಬಂದಿದ್ದರಿಂದ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಕೆಳಗೆ ಶೆಡ್ಡು, ಮೇಲೆ ಸಂಸಾರ. ಅವರ ಹೆಂಡತಿ ಗುಲ್ಷನ್ ಬಾಯಿ ಬಾಗಿಲು ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾ ಅಲ್ಲಾ, ಅಂಡೇ ಕಾ ಸಾಬ್!" ಅಂದರು. ಮೊಟ್ಟೆ ಸಾಹೇಬ. ಅವತ್ತಿನಿಂದ ಆ ಮನೆಯಲ್ಲಿ ನನಗೆ ಅದೇ ಹೆಸರು.

ಅಂಗಿ ಬಿಸಿಲಿಗೆ ಹೋಯಿತು. ಹಾಶಿಮ್ ಭಾಯಿಯ ಜುಬ್ಬಾ ನನ್ನ ಮೈಗೆ ಬಂತು, ಹೊಟ್ಟೆಯ ಹತ್ತಿರ ಸ್ವಲ್ಪ ಯೋಚಿಸಿ. ಭಾಯಿ ಶೆಡ್ಡಿಗಿಳಿದರು. ಗುಲ್ಷನ್ ಬಾಯಿ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು, ನಾನು ಏನೂ ಕೇಳದಿದ್ದರೂ ಎಲ್ಲವನ್ನೂ ಹೇಳಿದರು.

ಹಾಶಿಮ್ ಭಾಯಿಯ ತಂದೆ ಹಬೀಬ್ ಸಾಹೇಬರು ಮದುವೆ ಮೆರವಣಿಗೆಗಳಿಗೆ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಕೊಡುತ್ತಿದ್ದರಂತೆ. ಮಗನ ಕಾಲಕ್ಕೆ ಅದು ಜನರೇಟರ್ ಆಯಿತು. ಫ್ರೇಜರ್ ಟೌನಿನಿಂದ ಹಲಸೂರಿನವರೆಗೆ ಯಾರ ಮನೆ ಮದುವೆಯೇ ಆಗಲಿ, ಶಾದಿ ಮಹಲಿನ ಹಿಂದುಗಡೆ ಇವರ ಟ್ರೈಲರ್ ನಿಂತಿರುತ್ತಿತ್ತು. ಊಟಕ್ಕೆ ಕೂತವರೆಲ್ಲ ಕರೆಂಟ್ ಇರಲಪ್ಪಾ ಅಂತ ಬೇಡಿಕೊಂಡರೆ, ಹೋಗಲಪ್ಪಾ ಅಂತ ಬೇಡಿಕೊಳ್ಳುವ ಒಬ್ಬ ಮನುಷ್ಯ ಹಿಂದುಗಡೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

"ಊರಿಗೆಲ್ಲ ಲೈಟ್ ಕೊಟ್ರು. ನನ್ನ ಲುಬ್ನಾ ಮದುವೆಗೆ ಮಾತ್ರ ಕತ್ತಲೆ," ಅಂದರು ಗುಲ್ಷನ್ ಬಾಯಿ.

ದೊಡ್ಡ ಮಗಳು ಲುಬ್ನಾಳ ಮದುವೆ ನಾಲ್ಕು ವರ್ಷದ ಹಿಂದೆ, ಕೆ.ಆರ್. ಪುರದ ಕಡೆಯ ಒಂದು ಮದುವೆ ಹಾಲಿನಲ್ಲಿ. ಅವತ್ತು ಟ್ರೈಲರ್ ತರುವ ಕೆಲಸ ಗುಲ್ಷನ್ ಬಾಯಿಯ ತಮ್ಮ ವಾಜಿದನದು. ಭಾಯಿಯ ಕೈಕೆಳಗೇ ಕೆಲಸ ಕಲಿತವನು. ಸಂಜೆ ಕವಿಯುವ ಹೊತ್ತಿಗೆ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಪೊಲೀಸರು ನಿಲ್ಲಿಸಿದರು. ಟ್ರೈಲರಿನ ಹಿಂದೆ ಒಂದು ಲೈಟೂ ಉರಿಯುತ್ತಿಲ್ಲ, ಸರಿ ಮಾಡಿಕೊಂಡೇ ಹೋಗು ಅಂದರು. ಅವನು ರಸ್ತೆ ಬದಿಯಲ್ಲಿ ಮಲಗಿ ಹೇಗೋ ಸರಿ ಮಾಡಿಕೊಂಡು ಬರುವಷ್ಟರಲ್ಲಿ ಹಾಲಿನಲ್ಲಿ ಕರೆಂಟು ಹೋಗಿ, ಗಂಡಿನ ಕಡೆಯವರು ಮೊಬೈಲ್ ಟಾರ್ಚ್ ಹಿಡಿದುಕೊಂಡು ಬಿರಿಯಾನಿ ತಿಂದು ಮುಗಿಸಿದ್ದರು. ಈಗಲೂ ಬೀಗರು ಆ ಮದುವೆಗೆ 'ಟಾರ್ಚ್ ದಾವತ್' ಅನ್ನುತ್ತಾರೆ.

"ಅದೂ ಹೋಗ್ಲಿ. ಎಲ್ಲರ ಮುಂದೆ ಇವರು ನನ್ನ ತಮ್ಮನಿಗೆ, ವೈರ್ ಕಿತ್ತು ಹಾಕಿದ್ದೀಯಾ, ನಿನ್ನ ಕೈಗೆ ಗಾಡಿ ಕೊಟ್ಟಿದ್ದೇ ನನ್ನ ತಪ್ಪು ಅಂದ್ಬಿಟ್ರು. ಅವನು ಬೀಗದ ಕೈ ಊಟದ ತಟ್ಟೆ ಪಕ್ಕ ಇಟ್ಟು ಹೊರಟುಹೋದ. ಊಟಾನೂ ಮಾಡಲಿಲ್ಲ. ಆಮೇಲೆ ಇಬ್ಬರೂ ಮಾತಾಡಿಲ್ಲ."

ವಾಜಿದ್ ಹೊರಮಾವು ಕಡೆ ಹೋಗಿ ಸ್ವಂತ ಜನರೇಟರ್ ಇಟ್ಟ. ಮುಂದಿನ ಭಾನುವಾರ ಚಿಕ್ಕ ಮಗಳು ಲೈಬಾಳ ಮದುವೆ, ಹೊರಮಾವಿನಲ್ಲೇ. ಗುಲ್ಷನ್ ಬಾಯಿ ಯಾರನ್ನೂ ಕೇಳದೆ ತಮ್ಮನ ಜನರೇಟರನ್ನೇ ಗೊತ್ತು ಮಾಡಿಬಿಟ್ಟಿದ್ದರು.

"ಜನರೇಟರ್ ಹಾಶಿಮ್ ಮನೆ ಮದುವೆಗೆ ಬೇರೆಯವರ ಜನರೇಟರ್! ನಾಚಿಕೆಯಾಗಲ್ವಾ ಅಂತ ಕೇಳಿದ್ರು ನನ್ನನ್ನ. ಕತ್ತಲಲ್ಲಿ ತಿಂದಿದ್ದಕ್ಕಿಂತ ಕಮ್ಮಿ ನಾಚಿಕೆ ಅಂದೆ. ಅವತ್ತಿಂದ ಆ ಟ್ರೈಲರಿಗೆ ಪೇಂಟ್ ಹೊಡೀತಾ ಕೂತಿದ್ದಾರೆ. ಫಳಫಳ ಮಾಡಿ ತಗೊಂಡು ಹೋಗಿ ನಿಲ್ಲಿಸ್ತಾರಂತೆ. ಏನೂ ತೊಂದರೆ ಇಲ್ಲ ಅಂತ ತೋರಿಸ್ಲಿ, ವಾಜಿದನಿಗೆ ಬೇಡ ಅಂತ ಹೇಳ್ತೀನಿ ಅಂದಿದೀನಿ."

ಟ್ರೈಲರಿನ ಲೈಟು ಹತ್ತುತ್ತಿಲ್ಲ ಅನ್ನುವುದನ್ನು ಆಗ ನಾನು ಹೇಳಬಹುದಿತ್ತು. ನನ್ನ ಗಂಟಲಲ್ಲಿ ಅವರ ಚಹಾ ಇತ್ತು, ಮೈಮೇಲೆ ಅವರ ಗಂಡನ ಜುಬ್ಬಾ ಇತ್ತು. ಯಾರ ಪಕ್ಷ ವಹಿಸುವುದು? ಎದ್ದು ಶೆಡ್ಡಿಗಿಳಿದೆ.

ಟ್ರೈಲರಿನ ಲೈಟು ಪರೀಕ್ಷಿಸುವುದಕ್ಕೆ ಇಬ್ಬರು ಬೇಕು. ಒಬ್ಬರು ಜೀಪಿನಲ್ಲಿ ಕೂತು ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ಹೇಳಬೇಕು. ಭಾಯಿ ಇಷ್ಟು ದಿನ ಒಬ್ಬರೇ ಬ್ರೇಕಿನ ಮೇಲೆ ಇಟ್ಟಿಗೆ ಇಟ್ಟು ಓಡಿಬಂದು ನೋಡುತ್ತಿದ್ದರಂತೆ. ಈಗ ಇಟ್ಟಿಗೆಗೆ ನಿವೃತ್ತಿ ಸಿಕ್ಕಿತು, ಹಿಂದೆ ನಿಲ್ಲುವ ಕೆಲಸ ನನಗೆ.

"ಬಂತಾ?" ಜೀಪಿನೊಳಗಿಂದ ಭಾಯಿ.

ಗಾಡಿ ನಿಂತದ್ದು ಶೆಡ್ಡಿನ ಹೊರಗೆ, ಉರಿಬಿಸಿಲಲ್ಲಿ. ಕೆಂಪು ಗಾಜಿನೊಳಗೆ ಏನೋ ಇತ್ತು. ಬಲ್ಬೋ, ಬಿಸಿಲೋ. "ಬಂದಹಾಗಿದೆ."

"ಬಂದಹಾಗಿದೆ ಅಂದ್ರೆ? ಬಂತಾ, ಇಲ್ವಾ?"

"ಒಂಥರಾ ಬಂದಿದೆ."

"ಸಾರ್, ಲೈಟು ಒಂಥರಾ ಬರಲ್ಲ. ಬರುತ್ತೆ, ಇಲ್ಲಾ ಬರಲ್ಲ."

ಕನ್ನಡಕ ಮೊಟ್ಟೆಯ ಜೊತೆ ತೊಳೆಯಲು ಹೋಗಿತ್ತು. ಕಾಣುತ್ತಿಲ್ಲ ಅನ್ನಲು ನನಗೆ ನಾಚಿಕೆ. ಪಾಪ, ಅಷ್ಟು ಆಸೆಯಿಂದ ಕೇಳುವ ಮನುಷ್ಯನಿಗೆ ಇಲ್ಲ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಗಟ್ಟಿಯಾಗಿ ಹೇಳಿದೆ: "ಬಂತು ಭಾಯ್! ಚೆನ್ನಾಗಿ ಬಂತು!"

ಮೇಲಿನ ಕಿಟಕಿಯಿಂದ ಆಕಾಶವಾಣಿ ಆಯಿತು: "ಝೂಟ್! ಏನೂ ಬಂದಿಲ್ಲ!"

ಗುಲ್ಷನ್ ಬಾಯಿ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮುಚ್ಚಿಡಬೇಕಾದ್ದು ಇನ್ನು ಏನೂ ಉಳಿದಿರಲಿಲ್ಲ. ಜೀಪಿನ ಬಾಗಿಲು ತೆರೆದು ಭಾಯಿ ಇಳಿದರು, ಹೆಂಡತಿಯ ಕಡೆ ತಲೆಯೆತ್ತಲಿಲ್ಲ. ನನ್ನ ಪಕ್ಕ ಬಂದು ನಿಂತು, "ಸುಳ್ಳು ಹೇಳೋಕೂ ಒಂದು ಜಾಗ ನೋಡ್ಕೋಬೇಕು ಸಾರ್. ಕಿಟಕಿ ಕೆಳಗೆ ಹೇಳಬಾರದು," ಅಂದರು.

"ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣಮಿಣ ಅಂತಿದೆ," ಮೇಲಿನಿಂದ ಮತ್ತೆ ದನಿ. "ಇಂಡಿಕೇಟರ್ ಹಾಕಿದ್ರೆ ಎಲ್ಲಾ ಮಿಣಮಿಣ ಅಂತಿದೆ. ಮದುವೆ ಸೀರಿಯಲ್ ಸೆಟ್ ಥರ ಇದೆ. ನೋಡಿದ್ದು ಸಾಕು, ನಾನು ವಾಜಿದನಿಗೇ ಬಾ ಅಂತೀನಿ."

"ಗುಲ್ಷನ್, ಒಂದು ಗಂಟೆ ಕೊಡು."

"ನಾಲ್ಕು ವರ್ಷ ಕೊಟ್ಟೆ."

ಆ ಒಂದು ಗಂಟೆ ನಾನೂ ಹಾಶಿಮ್ ಭಾಯಿಯೂ ಟ್ರೈಲರಿನ ಸುತ್ತ ತಿರುಗಿದೆವು. ಭಾಯಿ ಬಲ್ಬು ತೆಗೆದು ಜೀಪಿಗೇ ಹಾಕಿ ನೋಡಿದರು, ಉರಿಯಿತು. ಫ್ಯೂಸು ಸರಿಯಿತ್ತು. ಜೀಪಿನಿಂದ ಟ್ರೈಲರಿಗೆ ಕರೆಂಟು ಹೋಗುವ ಸಾಕೆಟ್ಟಿನ ಪಿನ್ನುಗಳನ್ನೆಲ್ಲ ಪಾಲಿಶ್ ಕಾಗದದಿಂದ ತಿಕ್ಕಿದರು. ಆಮೇಲೆ ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡ ಟೆಸ್ಟ್ ಲ್ಯಾಂಪ್ ತೆಗೆದರು. ಒಂದು ವೈರನ್ನು ಜೀಪಿನ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಂದಿನ ಲೈಟಿನ ತುದಿಗೆ ಮುಟ್ಟಿಸಿದರೆ ಬಲ್ಬು ಜೋರಾಗಿ ಉರಿಯಿತು. ಜೀಪಿನ ಕಬ್ಬಿಣದಿಂದ ಬಿಡಿಸಿ ಟ್ರೈಲರಿನ ಕಬ್ಬಿಣಕ್ಕೆ, ಬಣ್ಣ ಸ್ವಲ್ಪ ಕೆರೆದು, ಸಿಕ್ಕಿಸಿದರು. ಬಲ್ಬು ಸತ್ತುಹೋಯಿತು.

ಭಾಯಿ ಟೆಸ್ಟ್ ಲ್ಯಾಂಪ್ ಕೆಳಗಿಟ್ಟರು.

"ಏನಾಯ್ತು ಭಾಯ್?"

"ಕರೆಂಟು ಬರ್ತಾ ಇದೆ. ವಾಪಸ್ ಹೋಗೋಕೆ ದಾರಿ ಇಲ್ಲ."

ಟ್ರೈಲರಿನ ಕೊಕ್ಕೆಯ ಕೆಳಗೆ ಒಂದು ಬೋಲ್ಟು. ಲೈಟುಗಳಿಂದ ಕರೆಂಟು ವಾಪಸ್ ಹೋಗುವ ಅರ್ಥಿಂಗ್ ವೈರು ಅಲ್ಲಿ ಕಬ್ಬಿಣಕ್ಕೆ ಕಚ್ಚಿಕೊಂಡಿರಬೇಕು. ಭಾಯಿ ಬೋಲ್ಟು ಬಿಚ್ಚಿದರು. ಅದರ ಕೆಳಗೂ ಫಳಫಳ ಬೆಳ್ಳಿ ಬಣ್ಣ. ಮಗಳ ಮದುವೆಯ ಮುತುವರ್ಜಿಯಲ್ಲಿ ಆ ಬೋಲ್ಟನ್ನೂ ಬಿಚ್ಚಿ, ಅದರ ಕೆಳಗೂ ಹೊಡೆದು, ಒಣಗಿಸಿ, ಮತ್ತೆ ಬಿಗಿದಿದ್ದರು. ವೈರು ಕೂತಿದ್ದದ್ದು ಕಬ್ಬಿಣದ ಮೇಲಲ್ಲ, ಪೇಂಟಿನ ಮೇಲೆ.

ನನಗೆ ನಗು ಬಂತು. ನಮ್ಮ ಕಡೆಯೂ ಆಯುಧಪೂಜೆಗೆ ಟ್ರ್ಯಾಕ್ಟರ್ ತೊಳೆದು ಎಲ್ಲದಕ್ಕೂ ಕುಂಕುಮ ಇಟ್ಟು, ಕೊನೆಗೆ ಸ್ಟಾರ್ಟೇ ಆಗದಂತೆ ಮಾಡುವವರಿದ್ದಾರೆ. ಅದನ್ನೇ ಹೇಳಿ ನಗಬೇಕು ಅಂತಿದ್ದೆ.

ಭಾಯಿ ಅರದಿಂದ ಆ ಜಾಗವನ್ನು ಉಜ್ಜತೊಡಗಿದ್ದರು. ಹೊಸ ಬೆಳ್ಳಿ ಬಣ್ಣ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಪದರ, ಅದೂ ಬೆಳ್ಳಿ ಬಣ್ಣ, ಸ್ವಲ್ಪ ಕಪ್ಪಿಟ್ಟಿತ್ತು. ಅರ ನಿಂತಿತು.

ಕಿಟಕಿಯಿಂದ ಗುಲ್ಷನ್ ಬಾಯಿ ಹೇಳುತ್ತಲೇ ಇದ್ದರು: "ಲುಬ್ನಾ ಮದುವೆಗೂ ಹೀಗೇ, ಸಾಬ್. ವಾರಗಟ್ಟಲೆ ಬ್ರಷ್ ಹಿಡ್ಕೊಂಡು ಕೂತಿದ್ರು. ಹೆಣ್ಣಿಗೆ ಮೇಕಪ್ ಮಾಡಿದವರೂ ಅಷ್ಟು ಹೊತ್ತು ತಗೊಂಡಿರಲಿಲ್ಲ."

ಅವರಿಗೆ ತಾವು ಏನು ಹೇಳುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಹಾಶಿಮ್ ಭಾಯಿಗೂ ಗೊತ್ತಾಯಿತು. ನಾನು ನಗು ನುಂಗಿಕೊಂಡೆ. ಬಿಸಿಯಾಗಿದ್ದನ್ನು ನುಂಗಿದ ಹಾಗಾಯಿತು.

"ಅವತ್ತು ಆಮೇಲೆ ಇದು ಹೇಗೆ ಸರಿಯಾಯ್ತು ಭಾಯ್? ನಾಲ್ಕು ವರ್ಷ ಓಡಿದೆಯಲ್ಲ?" ಮೆಲ್ಲಗೆ ಕೇಳಿದೆ.

ಭಾಯಿ ಮೂಲೆಯ ಕಸದ ಡಬ್ಬಿಯ ಕಡೆ ನೋಡಿದರು. ಎದ್ದು ಹೋಗಿ ಅದರಲ್ಲಿ ಕೈಯಾಡಿಸಿ ಒಂದು ಕಪ್ಪು ವೈರಿನ ತುಂಡು ತಂದರು. ಎರಡೂ ತುದಿಗೆ ಟೇಪು ಸುತ್ತಿದ್ದ, ಮಣ್ಣು ಮೆತ್ತಿದ, ಕುರೂಪದ ವೈರು.

"ಟಿನ್ ಫ್ಯಾಕ್ಟರಿ ಹತ್ತಿರ ಮಲ್ಕೊಂಡು ಅವನು ಎಳೆದಿದ್ದು. ಹಿಂದಿನ ಲೈಟಿಂದ ನೇರ ಜೀಪಿಗೆ. ನಾಲ್ಕು ವರ್ಷ ಇದರ ಮೇಲೇ ಓಡಿದೆ. ಬೆಳ್ಳಿ ಬಣ್ಣದ ಮೇಲೆ ಅಸಹ್ಯ ಕಾಣುತ್ತೆ ಅಂತ ಮೊನ್ನೆ ನಾನೇ ಕತ್ತರಿಸಿದೆ."

ಅಂದರೆ, ಅವತ್ತು ಕೆಡಿಸಿದ್ದು ಭಾಯಿಯ ಬ್ರಷ್ಷು, ಸರಿ ಮಾಡಿದ್ದು ವಾಜಿದ್. ಬೈಸಿಕೊಂಡವನೂ ವಾಜಿದ್. ನಾನು ಶೆಡ್ಡಿನ ಗೋಡೆ ನೋಡುತ್ತಾ ನಿಂತೆ. ಇನ್ನೊಬ್ಬರ ನಾಚಿಕೆಯ ಹತ್ತಿರ ನಿಲ್ಲುವುದು ಕಷ್ಟ. ಸ್ನಾನದ ಮನೆಗೆ ಬಾಗಿಲು ತಟ್ಟದೆ ಹೋದ ಹಾಗೆ.

ಭಾಯಿ ಎರಡೂ ಪದರ ಉಜ್ಜಿ ಕಬ್ಬಿಣ ಕಾಣಿಸಿ, ಬೋಲ್ಟು ಬಿಗಿದರು. ಜೀಪಿನಲ್ಲಿ ಕೂತರು. "ಬಂತಾ?"

ಈ ಸಲ ಕನ್ನಡಕ ಇಲ್ಲದೆಯೂ ಕಂಡಿತು, ಬಿಸಿಲಲ್ಲೂ. "ಬಂತು."

ಮೇಲಿನಿಂದ: "ಹೌ, ಬಂತು. ಏನಾಗಿತ್ತಂತೆ?"

ಭಾಯಿ ಸ್ವಲ್ಪ ಹೊತ್ತು ಬ್ರೇಕಿನಿಂದ ಕಾಲು ತೆಗೆಯಲೇ ಇಲ್ಲ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ಲೂಸ್ ಕನೆಕ್ಷನ್," ಅಂದರು.

ಸಂಜೆ ನಾನು ಮನೆಗೆ ಹೋದೆ. ಹೆಂಡತಿ ಗೌತಮಿ, "ಅಂಗಿ ನೆನೆದು ಒಣಗಿದ ಹಾಗಿದೆಯಲ್ಲ, ಏನಾಯ್ತು?" ಅಂದಳು. "ಮಳೆ," ಅಂದೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಶರಣವ್ವನವರು ಮೂಗೇರಿಸಿ, "ಎಂಥದೋ ವಾಸನಿ ಐತಲ್ಲ ಈ ಮಳೀಗೆ," ಅಂದರು.

ಮದುವೆಯ ಭಾನುವಾರ ಭಾಯಿ ಫೋನ್ ಮಾಡಿ, "ಸಾರ್, ಹಿಂದೆ ಸ್ಕೂಟರಲ್ಲಿ ಬರ್ತೀರಾ? ಲೈಟ್ ನೋಡ್ಕೊಂಡು," ಅಂದರು. ಗೌತಮಿಯನ್ನು ಕೂರಿಸಿಕೊಂಡು ಶಿವಾಜಿನಗರಕ್ಕೇ ಹೋಗಿ, ಅಲ್ಲಿಂದ ಟ್ರೈಲರಿನ ಹಿಂದೆ ಹೊರಟೆ. ಈ ಸಲ ಸಾಕಷ್ಟು ಅಂತರ ಬಿಟ್ಟು. ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ. ಪ್ರತಿ ಸಿಗ್ನಲಿನಲ್ಲೂ ಎರಡು ಕೆಂಪು ದೀಪ ತಪ್ಪದೆ ಹತ್ತಿದವು. ಟಿನ್ ಫ್ಯಾಕ್ಟರಿ ಬಳಿ ಸಿಗ್ನಲ್ ಇಲ್ಲದ ಕಡೆಯೂ ಜೀಪು ಒಂದು ಕ್ಷಣ ನಿಂತಿತು. ಯಾರೂ ಇಳಿಯಲಿಲ್ಲ. ದೀಪ ಹತ್ತಿತು, ಆರಿತು, ಮುಂದೆ ಹೋಯಿತು.

ಹಾಲಿನ ಹಿಂದುಗಡೆ ವಾಜಿದನ ಜನರೇಟರ್ ಆಗಲೇ ಬಂದು ನಿಂತಿತ್ತು. ಲೈಟು ಸರಿಯಾದರೂ ಗುಲ್ಷನ್ ಬಾಯಿ ತಮ್ಮನಿಗೆ ಬೇಡ ಅಂದಿಲ್ಲ ಅಂತ ನಾನು ಅಂದುಕೊಂಡೆ. ಆದರೆ ಬಾಗಿಲಲ್ಲಿ ಸಿಕ್ಕ ಅವರೇ, "ನಾನು ಬೇಡ ಅಂತ ಹೇಳೋಕೆ ಹೋದೆ, ಅಂಡೇ ಕಾ ಸಾಬ್. ಇವರೇ, ಇರ್ಲಿ ಬರ್ಲಿ ಅಂದ್ರು. ಏನಾಗಿದೆ ಇವರಿಗೆ?" ಅಂದರು.

ಗೌತಮಿ ನನ್ನ ಕಡೆ ತಿರುಗಿದಳು. "ಅಂಡೇ ಕಾ ಸಾಬ್ ಅಂದ್ರೆ?"

"ಉರ್ದುವಿನಲ್ಲಿ ಹಾಸ್ಯ ಬರೆಯುವವರಿಗೆ ಹಾಗೆ ಅಂತಾರೆ," ಅಂದೆ. ಅವಳು ನಂಬಲಿಲ್ಲ. ಅದನ್ನು ಮನೆಗೆ ಹೋದ ಮೇಲೆ ನೋಡಿಕೊಳ್ಳುವುದು ಅಂತ ಹಿಂದುಗಡೆ ಜಾರಿಕೊಂಡೆ.

ಅಲ್ಲಿ ಎರಡು ಜನರೇಟರುಗಳ ನಡುವೆ ಭಾವ, ಭಾಮೈದ ನಿಂತಿದ್ದರು. ವಾಜಿದ್ ದಪ್ಪನೆಯ ಮನುಷ್ಯ, ಹೊಸ ಶೇರ್ವಾನಿಯ ಗುಂಡಿ ಹಾಕಿಕೊಳ್ಳುತ್ತಾ ನೆಲ ನೋಡುತ್ತಿದ್ದ.

"ಹಾಲಿಗೆ ನಿನ್ನ ಕೇಬಲ್ ಹಾಕು," ಅಂದರು ಭಾಯಿ.

"ನಿಮ್ಮದು ಇದೆಯಲ್ಲ ದುಲ್ಹೇಭಾಯ್. ಬೆಳ್ಳಿ ಥರ ಹೊಳೀತಾ ಇದೆ. ನಂದು ಯಾರು ನೋಡ್ತಾರೆ?"

"ನಂದು ಸ್ಟೆಪ್ನಿ. ನೀನು ಹಾಕು."

ವಾಜಿದ್ ತಲೆ ಎತ್ತಿದ. ಅವನ ಕಣ್ಣು ಟ್ರೈಲರಿನ ಕೆಳಗೆ ಹೋಯಿತು. ಕೊಕ್ಕೆಯ ಹತ್ತಿರ, ಬೆಳ್ಳಿ ಬಣ್ಣದ ಮೇಲೆ, ಮಣ್ಣು ಮೆತ್ತಿದ ಕಪ್ಪು ವೈರು ಮೊದಲಿನ ಜಾಗದಲ್ಲೇ ಮತ್ತೆ ಕಟ್ಟಿತ್ತು. ಬೋಲ್ಟು ಸರಿಯಾದ ಮೇಲೆ ಅದರ ಅವಶ್ಯಕತೆಯೇ ಇರಲಿಲ್ಲ. ವಾಜಿದ್ ಏನೋ ಕೇಳಲು ಬಾಯಿ ತೆರೆದ. ಭಾಯಿ, "ಊಟ ಮಾಡು ಈ ಸಲ," ಅಂದು ಒಳಗೆ ಹೋದರು. ಎಲ್ಲರ ಮುಂದೆ ಬೈದಿದ್ದನ್ನು ಎರಡು ಜನರೇಟರಿನ ಸಂದಿಯಲ್ಲಿ ವಾಪಸ್ ತಗೊಂಡರೆ ಸಾಲದು ಅಂತ ನನಗೂ ಅನ್ನಿಸಿತು. ಆದರೆ ನಾನು ಹೇಳುವುದೇನಿದೆ? ನನ್ನ ಮೊಟ್ಟೆ ನನಗಿತ್ತು.

ನಿಖಾ ಮುಗಿಯಿತು. ಊಟಕ್ಕೆ ಕೂತೆವು, ಗೌತಮಿಗೂ ನನಗೂ ಬೇರೆಯಾಗಿ ವೆಜ್ ಪಲಾವ್. ಲುಬ್ನಾಳ ಮಾವನ ಕಡೆಯವರೂ ಬಂದಿದ್ದರು, ಎದುರಿನ ಸಾಲಿನಲ್ಲೇ. ಬಿರಿಯಾನಿಯ ಹಂಡೆ ತೆರೆದದ್ದೇ ತಡ, ಹಾಲಿನ ದೀಪಗಳೆಲ್ಲ ಫಕ್ಕನೆ ಆರಿದವು.

ನಾಲ್ಕು ವರ್ಷದ ಹಿಂದಿನ ನೆನಪು ಒಂದೇ ಸಲ ಎಲ್ಲರ ತಟ್ಟೆಯ ಮೇಲೆ ಬಂದು ಕೂತ ಹಾಗಿತ್ತು. ಆಮೇಲೆ ಕತ್ತಲಿನಿಂದ ಒಂದು ದನಿ: "ತೆಗೀರಪ್ಪಾ ಟಾರ್ಚ್!" ಗೊಳ್ಳೆಂದು ನಗು. ಗುಲ್ಷನ್ ಬಾಯಿಯ ಮುಖ ಆ ಕತ್ತಲಲ್ಲಿ ನನಗೆ ಕಾಣಲಿಲ್ಲ, ಒಳ್ಳೆಯದೇ ಆಯಿತು. ಯಾರೋ ಕುರ್ಚಿ ಬೀಳಿಸಿಕೊಂಡು ಹಿಂದುಗಡೆ ಓಡಿದರು. ವಾಜಿದ್.

ಹಿಂದುಗಡೆ ಡುಗ್ ಡುಗ್ ಅಂದಿತು, ಮೊದಲು ಕೆಮ್ಮಿ ಆಮೇಲೆ ಸರಿಯಾಗಿ. ಟಾರ್ಚಿಗಾಗಿ ಜೇಬಿಗೆ ಹೋದ ಕೈಗಳು ಇನ್ನೂ ಜೇಬಿನಲ್ಲೇ ಇದ್ದಾಗ ಇಡೀ ಹಾಲು ಬೆಳಗಿತು. ಟಾರ್ಚ್ ಅಂದ ಬೀಗರ ಕಡೆಯ ಮುದುಕರೇ ಮೊದಲು ಚಪ್ಪಾಳೆ ತಟ್ಟಿದರು. "ಯಾರ ಗಾಡಿ?"

"ವಾಜಿದಂದು! ವಾಜಿದಂದು!"

ಎಣ್ಣೆಗೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಕಾಣಿಸಿಕೊಂಡ ವಾಜಿದನನ್ನು ಅದೇ ಮುದುಕರು ಕೈಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. ಗುಲ್ಷನ್ ಬಾಯಿ ಖುದ್ದಾಗಿ ಬಂದು ತಮ್ಮನ ತಟ್ಟೆಗೆ ಬಡಿಸಿದರು. ಬಡಿಸುವಾಗ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡರು.

ಇಷ್ಟು ಹೊತ್ತು ಕಾಣದ ಹಾಶಿಮ್ ಭಾಯಿ ಹಾಲಿನ ಪಕ್ಕದ ಸಣ್ಣ ಬಾಗಿಲಿನಿಂದ ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ತಟ್ಟೆ ಹತ್ತಿರ ಎಳೆದುಕೊಂಡರು. ಎದುರಿನ ಕಿಟಕಿಯ ಆಚೆ ಹೊರಮಾವಿನ ಅಪಾರ್ಟ್‌ಮೆಂಟುಗಳು ಸಾಲಾಗಿ ನಿಂತಿದ್ದವು. ಒಂದೊಂದು ಮನೆಯಲ್ಲೂ ಟ್ಯೂಬ್ ಲೈಟು, ಟಿ.ವಿ., ಬಾಲ್ಕನಿಯ ಸೀರಿಯಲ್ ಸೆಟ್ಟು, ಎಲ್ಲ ಉರಿಯುತ್ತಿದ್ದವು. ಬೀದಿದೀಪವೂ.

ನಾನು ಕಿಟಕಿಯನ್ನೂ ಭಾಯಿಯನ್ನೂ ನೋಡಿದೆ. ದನಿ ತಗ್ಗಿಸಿ ಕೇಳಿದೆ: "ಭಾಯ್, ಸುತ್ತ ಎಲ್ಲಾ ಕಡೆ ಕರೆಂಟ್ ಇದೆಯಲ್ಲ. ನಮ್ಮ ಹಾಲಿಗೆ ಮಾತ್ರ ಹೇಗೆ ಹೋಯ್ತು?"

ಹಾಶಿಮ್ ಭಾಯಿ ಬಿರಿಯಾನಿಯಿಂದ ಒಂದು ಏಲಕ್ಕಿ ಆರಿಸಿ ತಟ್ಟೆಯ ಅಂಚಿಗಿಟ್ಟರು.

"ಮೇನ್ ಸ್ವಿಚ್ಚಿಗೆ ಯಾರೋ ಪೇಂಟ್ ಹೊಡೆದಿರಬೇಕು ಸಾರ್."